ಮರಿ ಮಾಡಿಸುವ ನಾಟಿ ಹೇಂಟೆಗೆ ದಿನಕ್ಕೆ ಎಷ್ಟು ಫೀಡ್? ನಾಲ್ಕು ದಾರಿಗಳ ಹೋಲಿಕೆ

ನಾಟಿ ಕೋಳಿ ಸಾಕುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮರಿ ಮಾಡಿಸೋಕೆ ಅಂತ ಹತ್ತು ಹದಿನೈದು ಹೇಂಟೆ ಇಟ್ಟುಕೊಂಡಿದ್ದೇನೆ. ಫೀಡ್ ಸದಾ ಮುಂದೆ ಇಡಬೇಕಾ, ಅಳೆದು ಹಾಕಬೇಕಾ, ಮೇಯೋಕೆ ಬಿಟ್ಟು ಸಂಜೆ ಒಂದು ಹಿಡಿ ಕಾಳು ಎಸೆದರೆ ಸಾಕಾ?" ಜಾಸ್ತಿ ತಿನ್ನಿಸಿದರೆ ಕೊಬ್ಬು ಕಟ್ಟಿ ಮೊಟ್ಟೆ ನಿಲ್ಲುತ್ತದೆ ಅಂತ ಒಬ್ಬರು ಹೆದರಿಸುತ್ತಾರೆ. ಹೊಟ್ಟೆಗೆ ಹಾಕದೆ ಮೊಟ್ಟೆ ಎಲ್ಲಿಂದ ಬರಬೇಕು ಅಂತ ಇನ್ನೊಬ್ಬರು ಬೈಯುತ್ತಾರೆ. ಇಬ್ಬರ ಮಾತೂ ನಿಜವೇ. ಗೊಂದಲ ಇರುವುದೂ ಅಲ್ಲೇ.

ಶುರುವಿನಲ್ಲಿ ನಾನೂ ಹಿಡಿ ಲೆಕ್ಕದಲ್ಲೇ ಹಾಕುತ್ತಿದ್ದೆ. ಕೋಳಿಗೊಂದು ಹಿಡಿ, ಅಷ್ಟೇ. ಒಂದು ದಿನ ಸುಮ್ನೆ ಕುತೂಹಲಕ್ಕೆ ಅಡುಗೆಮನೆಯ ತಕ್ಕಡಿ ತಂದು ತೂಗಿ ನೋಡಿದೆ. ನನ್ನ ಹಿಡಿ 62 ಗ್ರಾಂ. ಮಗಳ ಹಿಡಿ 38 ಗ್ರಾಂ. ವಾರದಲ್ಲಿ ಮೂರು ದಿನ ಫೀಡ್ ಹಾಕುತ್ತಿದ್ದವಳು ಅವಳೇ. ಮೊಟ್ಟೆ ಯಾಕೆ ಹೀಗೆ ಏರುಪೇರಾಗುತ್ತಿದೆ ಅಂತ ನಾನು ಎರಡು ತಿಂಗಳಿಂದ ಹವಾಮಾನವನ್ನು ಬೈಯುತ್ತಿದ್ದೆ.

ಮೊದಲು, ಆ ಗ್ರಾಂ ಎಲ್ಲಿಗೆ ಹೋಗುತ್ತದೆ

ಯಾವ ದಾರಿ ಹಿಡಿಯಬೇಕು ಅನ್ನುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ. ಒಂದೂವರೆ ಕೆಜಿ ತೂಕದ ಹೇಂಟೆ ಮೊಟ್ಟೆಯನ್ನೇ ಇಡದೆ, ಸುಮ್ಮನೆ ಬದುಕಿ ಓಡಾಡಿಕೊಂಡಿರಲು ದಿನಕ್ಕೆ ಸುಮಾರು 55ರಿಂದ 60 ಗ್ರಾಂ ಫೀಡ್ ಬೇಕು. ಇದು ಕೆಜಿಗೆ 2700 ಕಿಲೋಕ್ಯಾಲರಿಯ ಆಸುಪಾಸು ಶಕ್ತಿ ಇರುವ ಮಾಮೂಲಿ ಫೀಡ್‌ನ ಅಂದಾಜು. 1.2 ಕೆಜಿಯ ಚಿಕ್ಕ ಹೇಂಟೆಗೆ 45–50 ಸಾಕು. 2 ಕೆಜಿಯದಕ್ಕೆ 65–70 ಬೇಕು. 40 ಗ್ರಾಂ ತೂಗುವ ಒಂದು ಮೊಟ್ಟೆ ಕಟ್ಟಲು ಇದರ ಮೇಲೆ ಇನ್ನೂ 30–35 ಗ್ರಾಂ ಬೇಕು.

ದಿನ ಬಿಟ್ಟು ದಿನ ಮೊಟ್ಟೆ ಇಡುವ ಹೇಂಟೆ ಅಂದುಕೊಳ್ಳಿ. ಮೊಟ್ಟೆಯ ಪಾಲು ದಿನಕ್ಕೆ ಸರಾಸರಿ 16 ಗ್ರಾಂ ಆಯಿತು. ಎಲ್ಲ ಸೇರಿ 75ರ ಆಸುಪಾಸು.

ಈಗ ಫೀಡ್ ಉಳಿಸೋಣ ಅಂತ 10 ಗ್ರಾಂ ಕಡಿತ ಮಾಡುತ್ತೀರಿ. ನಿಮ್ಮ ಕಣ್ಣಿಗೆ ಅದು ಎಂಟರಲ್ಲಿ ಒಂದು ಪಾಲು ಮಾತ್ರ. ಆದರೆ ಹೇಂಟೆ ಆ 10 ಗ್ರಾಂ ಅನ್ನು ತನ್ನ ಬದುಕಿನ ಪಾಲಿನಿಂದ ಕೊಡುವುದಿಲ್ಲ. ಮೊಟ್ಟೆಯ ಪಾಲಿನಿಂದ ಕೊಡುತ್ತದೆ. 16ರಲ್ಲಿ 10 ಹೋದರೆ ಉಳಿದದ್ದು 6. ಕೆಲವು ದಿನ ಮೈಯ ಕೊಬ್ಬು ಕರಗಿಸಿ ತಡೆದುಕೊಳ್ಳುತ್ತದೆ, ಆಮೇಲೆ ನಿಲ್ಲಿಸುತ್ತದೆ. ಹಾಗಾಗಿ ಫೀಡ್ ಸ್ವಲ್ಪವೇ ಇಳಿದರೂ ಮೊಟ್ಟೆ ಅರ್ಧಕ್ಕಿಂತ ಕೆಳಗೆ ಬೀಳಬಹುದು.

ಇದರ ಉಲ್ಟಾ ಮಾತ್ರ ಹಾಗೇ ನಡೆಯುವುದಿಲ್ಲ. 75 ಸಾಕಾಗುವ ಹೇಂಟೆಗೆ 100 ಹಾಕಿದರೆ ಮೊಟ್ಟೆ ಒಂದೂವರೆ ಪಟ್ಟು ಆಗಲ್ಲ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಅದು ರಕ್ತದಲ್ಲೇ ಬಂದ ಗುಣ, ಫೀಡ್ ಹಾಕಿ ಬಿಡಿಸಲಾಗದು. ಜಾಸ್ತಿಯಾದ 25 ಗ್ರಾಂ ದಿನಕ್ಕೆ ನಾಲ್ಕೈದು ಗ್ರಾಂ ಕೊಬ್ಬಾಗಿ ಹೊಟ್ಟೆಯೊಳಗೆ ಕೂರುತ್ತದೆ. ತಿಂಗಳಿಗೆ ನೂರು ಗ್ರಾಂ ದಾಟಿತು. ಒಂದೂವರೆ ಕೆಜಿಯ ಜೀವಕ್ಕೆ ಅದು ಸಣ್ಣದಲ್ಲ, ಅಲ್ವಾ?

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು

ತಿನ್ನುವ ಮೊಟ್ಟೆ ಮಾರುವವರಿಗೆ ಬುಟ್ಟಿಯಲ್ಲಿರುವ ಸಂಖ್ಯೆ ಮುಖ್ಯ. ನಿಮಗೆ ಹಾಗಲ್ಲ. ಒಡೆದು ಹೊರಬಂದು ನಿಂತ ಮರಿ ಎಷ್ಟು ಅನ್ನುವುದೇ ಲೆಕ್ಕ. ತಿಂಗಳಿಗೆ 15 ಮೊಟ್ಟೆ ಬಂದು 8 ಒಡೆಯುವುದಕ್ಕಿಂತ 12 ಬಂದು 10 ಒಡೆಯುವುದು ಮೇಲು. ಒಂದು ಮರಿಗೆ ಎಷ್ಟು ಕೆಜಿ ಫೀಡ್ ಖರ್ಚಾಯಿತು ಅನ್ನುವುದು ಎರಡನೆಯ ಅಳತೆ. ನಿಮ್ಮ ಕೈಯಲ್ಲಿರುವ ಸಮಯ ಮೂರನೆಯದು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಎಷ್ಟೋ ಒಳ್ಳೆಯ ಯೋಜನೆ ಹಾಳಾಗುವುದು ಇದರಿಂದಲೇ. ಇನ್ನೊಂದಿದೆ: ಹಿಂಡು ಎಷ್ಟು ಸಮನಾಗಿದೆ? ಎಲ್ಲ ಹೇಂಟೆಗಳೂ 1.4–1.6 ಕೆಜಿ ಒಳಗಿದ್ದರೆ ಒಂದೇ ಅಳತೆ ನಡೆಯುತ್ತದೆ. ಒಂದು 1.1, ಇನ್ನೊಂದು 2.2 ಇದ್ದರೆ ಸರಾಸರಿ ಅನ್ನುವುದು ಇಬ್ಬರಿಗೂ ಸುಳ್ಳು.

ಸದಾ ಮುಂದೆ ಫೀಡ್ ಇಡುವುದು

ಎಲ್ಲಕ್ಕಿಂತ ಸುಲಭದ ದಾರಿ. ಡಬ್ಬ ತುಂಬಿಸಿದರೆ ಮುಗಿಯಿತು. ಇದರ ನಿಜವಾದ ಲಾಭ ಹಿಂಡಿನ ಪುಕ್ಕಲು ಹೇಂಟೆಗೆ. ದಬಾಯಿಸುವವು ತಿಂದು ಹೋದ ಮೇಲೆ ಅದು ಬಂದು ನೆಮ್ಮದಿಯಾಗಿ ತಿನ್ನುತ್ತದೆ. ಹೊಸದಾಗಿ ಮೊಟ್ಟೆ ಶುರು ಮಾಡಿದ ಹೇಂಟೆ ಇನ್ನೂ ಮೈಯೂ ಬೆಳೆಸುತ್ತಿರುತ್ತದೆ, ಮೊಟ್ಟೆಯನ್ನೂ ಕಟ್ಟುತ್ತಿರುತ್ತದೆ. ಅದಕ್ಕೂ ಇದು ಒಳ್ಳೆಯದು. ಬೇಸಿಗೆಯಲ್ಲಂತೂ ಕೋಳಿ ತಾನಾಗಿಯೇ ಕಡಿಮೆ ತಿನ್ನುತ್ತದೆ. ಆಗ ಅಳತೆ ಹಾಕಿ ಇನ್ನೂ ಕಡಿಮೆ ಮಾಡುವ ಅಗತ್ಯವೇ ಇಲ್ಲ, ಬೆಳಗಿನ ಜಾವದ ತಂಪಿನಲ್ಲಿ ಫೀಡ್ ಮುಂದಿದ್ದರೆ ಸಾಕು.

ತೊಂದರೆ ಇರುವುದು ಭಾರದ ಹೇಂಟೆಗಳಲ್ಲಿ. ಹಗುರ ಮೈಯ ನಾಟಿ ಹೇಂಟೆ ಸಾಮಾನ್ಯವಾಗಿ ಸಾಕಾದಾಗ ನಿಲ್ಲಿಸುತ್ತದೆ. ಮಾಂಸದ ಕೋಳಿಯ ರಕ್ತ ಬೆರೆತ ದಪ್ಪ ಹೇಂಟೆಗೆ ಆ ಅಂದಾಜು ಇರುವುದಿಲ್ಲ. ನನ್ನ ಹತ್ತಿರ ಅಂಥದ್ದೊಂದು ಇತ್ತು, ಕೆಂಚು ಬಣ್ಣದ್ದು. ನೋಡಿದವರೆಲ್ಲ ಹೊಗಳುತ್ತಿದ್ದರು. ಒಂದು ಮಧ್ಯಾಹ್ನ ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಬೆಣ್ಣೆಯಂಥ ಹಳದಿ ಕೊಬ್ಬು, ಯಕೃತ್ತು ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗೆ. ಅದು ಮೊಟ್ಟೆ ಇಟ್ಟು ಒಂದೂವರೆ ತಿಂಗಳಾಗಿತ್ತು. ಕೊಬ್ಬಿದ ಹೇಂಟೆಯಲ್ಲಿ ಮೊಟ್ಟೆ ಕಡಿಮೆಯಾಗುವುದಷ್ಟೇ ಅಲ್ಲ, ಹುಂಜ ಸರಿಯಾಗಿ ಕೂಡಲಾಗದೆ ಮರಿಯಾಗದ ಬರಡು ಮೊಟ್ಟೆಯೂ ಜಾಸ್ತಿ ಆಗುತ್ತದೆ. ಮೊಟ್ಟೆ ಇಡುವಾಗ ಮೊಟ್ಟೆನಾಳ ಹೊರಬರುವ ಅಪಾಯವೂ ಇದೆ.

ಈ ದಾರಿ ಹಿಡಿದರೆ ಫೀಡ್ ಡಬ್ಬದ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ, ತಟ್ಟೆ ಮೂರನೇ ಒಂದು ಭಾಗ ಮಾತ್ರ ತುಂಬಿರಲಿ. ಇಲ್ಲದಿದ್ದರೆ ನೀವು ಸಾಕುತ್ತಿರುವುದು ಕೋಳಿಯನ್ನಲ್ಲ, ಇಲಿಯನ್ನು.

ಅಳೆದು ಹಾಕುವುದು

ನನಗೆ ಇಷ್ಟವಾದ ದಾರಿ ಇದು, ಆದರೆ ಎಲ್ಲರಿಗೂ ಹೇಳುವುದಿಲ್ಲ. ಒಂದೂವರೆ ಕೆಜಿಯ, ಮೇಯಲು ಬಿಡದೆ ಕೂಡಿಹಾಕಿ ಸಾಕುವ ಹೇಂಟೆಗೆ ಮೊಟ್ಟೆಯ ಕಾಲದಲ್ಲಿ 75–85 ಗ್ರಾಂ. ಇದು ಶುರು ಮಾಡುವ ಜಾಗ ಮಾತ್ರ. ಅಲ್ಲಿಂದ ಮುಂದೆ ಹೇಂಟೆಯ ಮೈ ನೋಡಿ ಹೋಗಬೇಕು.

ಬಹಳ ಜನ ಎಡವುವುದು ಏರಿಸುವ ಸಮಯದಲ್ಲಿ. ಮೊಟ್ಟೆ ಬಂದ ಮೇಲೆ ಫೀಡ್ ಏರಿಸುತ್ತಾರೆ. ಆದರೆ ಹಳದಿ ಭಾಗ ದಪ್ಪಗಾಗಲು ಸುಮಾರು 7ರಿಂದ 10 ದಿನ ಬೇಕು. ಇವತ್ತು ಗೂಡಿನಲ್ಲಿ ಕಂಡ ಮೊಟ್ಟೆ ಹೋದ ವಾರದ ಫೀಡ್‌ನ ಫಲ. ಹಾಗಾಗಿ ಫೀಡ್ ಮುಂದೆ ನಡೆಯಬೇಕು, ಮೊಟ್ಟೆ ಹಿಂದೆ ಬರಬೇಕು. ಜುಟ್ಟು ಕೆಂಪೇರಿ ಹೇಂಟೆ ಗೂಡು ಹುಡುಕಲು ಶುರು ಮಾಡಿತು ಅಂದರೆ ವಾರಕ್ಕೆ 5 ಗ್ರಾಂನಂತೆ ಏರಿಸುತ್ತಾ ಹೋಗಿ. ಇಳಿಸುವಾಗ ಇನ್ನೂ ನಿಧಾನ, ವಾರಕ್ಕೆ ಎರಡು ಮೂರು ಗ್ರಾಂ ಸಾಕು.

ಈ ನಿಧಾನದ ಬೆಲೆ ನನಗೆ ಪಾಠವಾಗಿಯೇ ಗೊತ್ತಾಯಿತು. ಒಮ್ಮೆ ಮೊಟ್ಟೆ ಇಳಿದಿದ್ದಕ್ಕೆ ಸಿಟ್ಟಾಗಿ, "ಇಡದವಕ್ಕೆ ಯಾಕೆ ಹಾಕಲಿ" ಅಂತ ಒಂದೇ ದಿನ 15 ಗ್ರಾಂ ಕಿತ್ತೆ. ಹತ್ತು ದಿನಕ್ಕೆ ಗೂಡಿನ ನೆಲವೆಲ್ಲ ಪುಕ್ಕ. ಒಂದೊಂದಾಗಿ ಎಲ್ಲವೂ ಗರಿ ಉದುರಿಸಿಕೊಂಡು ಬೋಳಾಗಿ ನಿಂತವು. ಮತ್ತೆ ಮೊಟ್ಟೆ ಕಾಣಲು ಎರಡು ತಿಂಗಳು ಮೇಲಾಯಿತು. ನಾನು ಉಳಿಸಿದ ಫೀಡ್ ಎಷ್ಟು, ಕಳೆದುಕೊಂಡ ಮರಿ ಎಷ್ಟು ಅಂತ ಲೆಕ್ಕ ಹಾಕಲು ಹೋಗಲಿಲ್ಲ.

ಅಳೆದು ಹಾಕಬೇಕಾದರೆ ತಟ್ಟೆಯ ಜಾಗ ಮುಖ್ಯ. ಎಲ್ಲ ಹೇಂಟೆಗಳೂ ಒಟ್ಟಿಗೆ ಕತ್ತು ಬಗ್ಗಿಸಿ ತಿನ್ನುವಂತಿರಬೇಕು. ಒಂದಕ್ಕೆ 10–12 ಸೆಂಟಿಮೀಟರ್ ಅಂಚು ಬೇಕು. ಇಷ್ಟು ಇಲ್ಲದಿದ್ದರೆ ಅಳತೆ ಕಾಗದದ ಮೇಲೆ ಮಾತ್ರ. ದಬಾಯಿಸುವ ಹೇಂಟೆ 110 ಗ್ರಾಂ ತಿಂದು ಕೊಬ್ಬುತ್ತದೆ, ಪುಕ್ಕಲು ಹೇಂಟೆ 50 ತಿಂದು ಸೊರಗುತ್ತದೆ, ಎರಡೂ ಮೊಟ್ಟೆ ನಿಲ್ಲಿಸುತ್ತವೆ. ನಿಮ್ಮ ಪುಸ್ತಕದಲ್ಲಿ ಮಾತ್ರ "ಸರಾಸರಿ 80" ಅಂತ ನೀಟಾಗಿ ಬರೆದಿರುತ್ತದೆ.

ಹೊತ್ತಿನ ವಿಷಯ. ಬೆಳಿಗ್ಗೆ ಒಂದು ಪಾಲು, ಸಂಜೆ ಕತ್ತಲಾಗುವ ಎರಡು ಗಂಟೆ ಮೊದಲು ಎರಡು ಪಾಲು. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಅದರ ಹೆಚ್ಚಿನ ಭಾಗ ರಾತ್ರಿಯೇ ನಡೆಯುತ್ತದೆ. ಆಗ ಹೊಟ್ಟೆಯಲ್ಲಿ ಸುಣ್ಣದ ಅಂಶ ಇರಬೇಕು. ನಿಜಕ್ಕೂ ಸಂಜೆ ಹೊತ್ತು ಹೇಂಟೆಗಳು ಕಪ್ಪೆಚಿಪ್ಪಿನ ಚೂರನ್ನು ಹುಡುಕಿ ತಿನ್ನುವುದನ್ನು ನೀವೇ ನೋಡಬಹುದು.

ಮೇಯಲು ಬಿಟ್ಟು ಮೇಲಿಂದ ಸ್ವಲ್ಪ ಹಾಕುವುದು

ಜಾಗ ಇದ್ದವರಿಗೆ ಖರ್ಚಿನಲ್ಲಿ ಇದಕ್ಕೆ ಸಾಟಿಯಿಲ್ಲ. ಹುಳು ಹುಪ್ಪಟೆಯಲ್ಲಿ ಪ್ರೋಟೀನ್, ಹಸಿರಿನಲ್ಲಿ ವಿಟಮಿನ್. ಮರಿ ಒಡೆಯುವ ವಿಷಯದಲ್ಲಿ ಹಸಿರು ತಿಂದ ಹೇಂಟೆಯ ಮೊಟ್ಟೆ ಮುಂದಿರುತ್ತದೆ. ಅದಕ್ಕೆ ಕಾರಣವೂ ಇದೆ. ರೈಬೋಫ್ಲೇವಿನ್‌ನಂಥ ವಿಟಮಿನ್ ಕೊರತೆಯಾದರೆ ಹೇಂಟೆ ಮೊಟ್ಟೆ ಇಡುವುದನ್ನು ತಕ್ಷಣ ನಿಲ್ಲಿಸುವುದಿಲ್ಲ. ಮೊಟ್ಟೆಯೊಳಗಿನ ಭ್ರೂಣ ಮಾತ್ರ ಅರ್ಧಕ್ಕೇ ಸಾಯುತ್ತದೆ, ಇಲ್ಲವೇ ಮರಿ ಬೆರಳು ಮುರುಟಿಕೊಂಡು ಹುಟ್ಟುತ್ತದೆ. ಬುಟ್ಟಿ ತುಂಬಿದೆ, ಮರಿ ಇಲ್ಲ ಅನ್ನುವವರು ಗ್ರಾಂ ಲೆಕ್ಕ ಬಿಟ್ಟು ಮೊದಲು ಇದನ್ನು ನೋಡಬೇಕು.

ಆದರೆ ಹೊರಗಿನ ಮೇವು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆ ಬಿದ್ದು ಹುಳು ಎದ್ದಾಗ ಹೇಂಟೆಗೆ ಬೇಕಾಗಿರುವುದು ಶಕ್ತಿ ಕೊಡುವ ಕಾಳು. 30 ಗ್ರಾಂ ಮೆಕ್ಕೆಜೋಳದ ನುಚ್ಚು ಹಾಕಿದರೆ ನಡೆದೀತು. ನೆಲ ಒಣಗಿದಾಗ ಹುಳುವೂ ಇಲ್ಲ, ಹಸಿರೂ ಇಲ್ಲ. ಆಗ ಅದೇ 30 ಗ್ರಾಂ ಜೋಳ ಹಾಕುತ್ತಾ ಕೂತರೆ ಮೊಟ್ಟೆ ಬರುವುದಿಲ್ಲ. 50 ಗ್ರಾಂ ಅಥವಾ ಇನ್ನೂ ಜಾಸ್ತಿ, ಅದೂ ಸರಿಯಾದ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಫೀಡ್) ಬೇಕು.

ಬರೀ ಕಾಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನಾನು ಕಂಡ ತಪ್ಪುಗಳಲ್ಲಿ ಅರ್ಧ ಇಲ್ಲೇ ಇವೆ. ಮೆಕ್ಕೆಜೋಳದಲ್ಲಿ ಪ್ರೋಟೀನ್ ನೂರಕ್ಕೆ 8–9 ಮಾತ್ರ. 75 ಗ್ರಾಂ ತಿಂದರೆ ಸಿಗುವುದು ಆರೂವರೆ ಗ್ರಾಂ. 16 ಪರ್ಸೆಂಟ್ ಪ್ರೋಟೀನ್ ಇರುವ ಫೀಡ್ ಅಷ್ಟೇ ತಿಂದರೆ 12 ಗ್ರಾಂ ಸಿಗುತ್ತದೆ. ಒಂದು 40 ಗ್ರಾಂ ಮೊಟ್ಟೆಯೊಳಗೇ ಸುಮಾರು 5 ಗ್ರಾಂ ಪ್ರೋಟೀನ್ ಇರುತ್ತದೆ, ಚಿಪ್ಪಿಗೆ ಒಂದೂವರೆ ಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಜೋಳ ತಿಂದ ಹೇಂಟೆ ದಪ್ಪಗೂ ಇರುತ್ತದೆ, ಉಪವಾಸವೂ ಇರುತ್ತದೆ. ಯಜಮಾನ ಅದರ ದಪ್ಪ ನೋಡಿ "ಜಾಸ್ತಿ ತಿಂತಿದೆ" ಅಂತ ಕಾಳು ಕಡಿಮೆ ಮಾಡುತ್ತಾನೆ. ಮೊಟ್ಟೆ ಇನ್ನೂ ಇಳಿಯುತ್ತದೆ. ಗ್ರಾಂ ಎಷ್ಟು ಅನ್ನುವ ಮಾತು ಆ ಗ್ರಾಂ ಒಳಗೆ ಏನಿದೆ ಅನ್ನುವುದು ಸರಿಯಿದ್ದಾಗ ಮಾತ್ರ.

ಹೊರಗೆ ಎಷ್ಟು ಮೇದಿದೆ ಅಂತ ತಿಳಿಯಲು ಸಂಜೆ ಕತ್ತಿನ ಬುಡಕ್ಕೆ ಕೈ ಹಾಕಿ. ಎದೆಯ ಬಲಗಡೆಗೆ ವಾಲಿಕೊಂಡು ಕ್ರಾಪ್, ಅಂದರೆ ತಿಂದದ್ದು ಮೊದಲು ಸೇರುವ ಚೀಲ, ಸಿಗುತ್ತದೆ. ನಿಂಬೆಹಣ್ಣಿನ ಗಾತ್ರಕ್ಕೆ ತುಂಬಿದ್ದರೆ ಚೆನ್ನಾಗಿ ಮೇದಿದೆ. ಖಾಲಿ ಬಲೂನಿನಂತೆ ಜೋತು ಬಿದ್ದಿದ್ದರೆ ಆ ಸಂಜೆ ಕೈ ಧಾರಾಳವಾಗಲಿ. ಮೇಲಿಂದ ಹಾಕುವುದನ್ನು ಬೆಳಿಗ್ಗೆ ಹಾಕಬೇಡಿ, ಹೊಟ್ಟೆ ತುಂಬಿದ ಕೋಳಿ ನೆರಳಿನಲ್ಲಿ ಕೂರುತ್ತದೆ, ಮೇಯಲು ಹೋಗುವುದಿಲ್ಲ.

ಮೂರು ಬಟ್ಟಲ ದಾರಿ

ಒಂದರಲ್ಲಿ ಕಾಳು, ಒಂದರಲ್ಲಿ ಹಿಂಡಿಯಂಥ ಪ್ರೋಟೀನ್ ಮಿಶ್ರಣ, ಒಂದರಲ್ಲಿ ಕಪ್ಪೆಚಿಪ್ಪಿನ ಚೂರು. ಹೇಂಟೆ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಕಲಿಯಲು ಒಂದೆರಡು ವಾರ ಬೇಕು. ಐದಾರು ಹೇಂಟೆಯ ಚಿಕ್ಕ ಹಿಂಡಿಗೆ ಚೆನ್ನಾಗಿ ನಡೆಯುತ್ತದೆ. ಮರಿಯಿಂದ ಬರೀ ಪುಡಿ ಫೀಡ್ ತಿಂದು ಬೆಳೆದವಕ್ಕೆ ಮೊದಮೊದಲು ಕಷ್ಟ. ಐವತ್ತು ಹೇಂಟೆಗೆ ಇದನ್ನು ಮಾಡಲು ಹೋಗಬೇಡಿ, ಬಟ್ಟಲು ತೊಳೆಯುವುದೇ ಕೆಲಸವಾಗುತ್ತದೆ.

ಕಾವಿಗೆ ಕೂತಾಗ ಎಲ್ಲ ಅಳತೆಯೂ ಪಕ್ಕಕ್ಕೆ

ಕಾವು ಕೂತ ಹೇಂಟೆ ದಿನಕ್ಕೆ ಒಮ್ಮೆ ಇಳಿದು, ಗಡಿಬಿಡಿಯಲ್ಲಿ ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಹತ್ತುತ್ತದೆ. 21 ದಿನದಲ್ಲಿ ತೂಕ ಇಳಿಯುವುದು ಸಹಜ, ಹೆದರಿ ಒತ್ತಾಯದಿಂದ ತಿನ್ನಿಸಬೇಡಿ. ಆಗ ಇಡೀ ಕಾಳೇ ಒಳ್ಳೆಯದು, ಹಿಕ್ಕೆ ಗಟ್ಟಿಯಾಗಿ ಗೂಡು ಹೊಲಸಾಗುವುದಿಲ್ಲ. ಅಳತೆ ಮತ್ತೆ ಮುಖ್ಯವಾಗುವುದು ಕಾವು ಮುಗಿದ ಮೇಲೆ. ಮರಿಯ ಜೊತೆ ತಾಯಿಯೂ ಹೊಟ್ಟೆ ತುಂಬ ತಿಂದರೆ ಕಳೆದ ಮೈ ಬೇಗ ಬರುತ್ತದೆ, ಮುಂದಿನ ಸುತ್ತಿನ ಮೊಟ್ಟೆಯೂ ಬೇಗ ಶುರುವಾಗುತ್ತದೆ. ಮೊಟ್ಟೆ ಯಂತ್ರದಲ್ಲಿ ಒಡೆಸುವವರು ಕಾವು ಬಿಡಿಸಿದ ಹೇಂಟೆಯನ್ನು ಕೂಡಲೇ ಪೂರ್ತಿ ಅಳತೆಗೆ ತರಬೇಕು. "ಇಡುತ್ತಿಲ್ಲವಲ್ಲ" ಅಂತ ಕಡಿಮೆ ಹಾಕಿದರೆ ಅದು ಇಡುವುದು ಇನ್ನೂ ತಡವಾಗುತ್ತದೆ.

ಹಾಗಾದರೆ ನಿಮಗೆ ಯಾವುದು

ಜಾಗ ಇದೆ, ಹತ್ತರೊಳಗೆ ಹೇಂಟೆ, ತಾಯಿಯ ಕಾವಿನಲ್ಲೇ ಮರಿ ಅನ್ನುವವರಿಗೆ ಮೇಯಿಸಿ ಸಂಜೆ ಹಾಕುವುದೇ ಸರಿ. ತಕ್ಕಡಿಗಿಂತ ಕ್ರಾಪ್ ಮುಟ್ಟುವ ಅಭ್ಯಾಸ ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊಟ್ಟೆಯ ಸಂಖ್ಯೆ ಕಡಿಮೆಯೇ ಇರುತ್ತದೆ, ಆದರೆ ಒಂದು ಮರಿಗೆ ಬೀಳುವ ಖರ್ಚೂ ಕಡಿಮೆ.

ಕೂಡಿಹಾಕಿ ಇಪ್ಪತ್ತು, ಐವತ್ತು ಹೇಂಟೆ ಸಾಕಿ ಯಂತ್ರದಲ್ಲಿ ಮರಿ ಮಾಡಿಸುವವರು ಅಳತೆಗೆ ಬರಲೇಬೇಕು. ಫೀಡ್ ಖರ್ಚು ಪೂರ್ತಿ ನಿಮ್ಮದೇ, ಕೊಬ್ಬಿನ ನಷ್ಟವೂ ನಿಮ್ಮದೇ. ಲೇಯರ್ ಫೀಡ್‌ನಲ್ಲಿ ವಿಟಮಿನ್ ಹಾಕಿರುವುದು ಮೊಟ್ಟೆಯ ಸಂಖ್ಯೆಗೆ, ಮರಿಗಲ್ಲ. ಆದ್ದರಿಂದ ಬ್ರೀಡರ್ ಫೀಡ್ (ಮರಿ ಮಾಡಿಸುವ ಕೋಳಿಗೆಂದೇ ಮಾಡಿದ ಫೀಡ್) ಸಿಕ್ಕರೆ ಅದನ್ನೇ ತನ್ನಿ, ಇಲ್ಲದಿದ್ದರೆ ದಿನವೂ ಹಸಿರು ಸೊಪ್ಪು ಕಟ್ಟಿ ನೇತುಹಾಕಿ. ಕೆಲಸಕ್ಕೆ ಹೋಗುವವರು, ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಬರಲಾಗದವರು ಅಳತೆಯ ಆಸೆ ಬಿಡಿ. ಒಂದು ದಿನ ಏಳು ಗಂಟೆಗೆ, ಇನ್ನೊಂದು ದಿನ ಹನ್ನೊಂದಕ್ಕೆ ಹಾಕಿದ ಅಳತೆಗಿಂತ ಸದಾ ಮುಂದಿಟ್ಟ ಫೀಡ್ ಎಷ್ಟೋ ವಾಸಿ. ಹಗುರ ತಳಿ ಆರಿಸಿಕೊಳ್ಳಿ, ಅಷ್ಟೇ. ಹಿಂಡಿನಲ್ಲಿ ದಪ್ಪ ಸಣ್ಣ ಬೆರೆತಿದ್ದರೆ ಮೊದಲು ಎರಡು ಗೂಡು ಮಾಡಿ, ಆಮೇಲೆ ಗ್ರಾಂ ಮಾತಾಡೋಣ.

ಯಾವ ದಾರಿಯಾದರೂ ಹದಿನೈದು ದಿನಕ್ಕೊಮ್ಮೆ ರಾತ್ರಿ, ಕೋಳಿ ಕೂತಿರುವಾಗ, ಎದೆಮೂಳೆಯ ಮೇಲೆ ಬೆರಳಾಡಿಸಿ. ಮೂಳೆ ಚೂರಿಯ ಅಂಚಿನಂತೆ ಹತ್ತಿದರೆ ವಾರಕ್ಕೆ 5 ಗ್ರಾಂ ಏರಿಸಿ. ಮೂಳೆ ಮಾಂಸದೊಳಗೆ ಮುಳುಗಿ ಸಿಗದಿದ್ದರೆ ಎರಡು ಮೂರು ಗ್ರಾಂ ಇಳಿಸಿ. ಮೂಳೆಯೂ ಸಿಗಬೇಕು, ಎರಡು ಬದಿಗೆ ಮಾಂಸವೂ ತುಂಬಿರಬೇಕು, ಅದು ಹದ. ಹಾಗೇ ಹಿಂದೆ ಗುದದ ಪಕ್ಕದ ಎರಡು ಸಣ್ಣ ಮೂಳೆಗಳ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿದರೆ ಅದು ಇಡುತ್ತಿರುವ ಹೇಂಟೆ. ಒಂದೇ ಬೆರಳು ಹಿಡಿದರೆ ಅದು ಸದ್ಯಕ್ಕೆ ಬರೀ ತಿನ್ನುತ್ತಿದೆ. ಕಾಲಿಗೆ ಬಣ್ಣದ ದಾರ ಕಟ್ಟಿ ಬರೆದಿಟ್ಟುಕೊಳ್ಳಿ, ಬೆಳಗಾದ ಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಹುಂಜದ ಮಾತು ಮರೆತಿದ್ದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುತ್ತದಲ್ಲ, ಅದು ಹೇಂಟೆಯ ಅಳತೆಯಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಅದೂ ದೊಡ್ಡ ಪಾಲು. ಲೇಯರ್ ಫೀಡ್‌ನಲ್ಲಿರುವಷ್ಟು ಸುಣ್ಣ ಅದಕ್ಕೆ ಬೇಕಾಗಿಯೂ ಇಲ್ಲ. ಅದರ ಬಟ್ಟಲನ್ನು ಹೇಂಟೆಗೆ ಎಟುಕದಷ್ಟು ಎತ್ತರಕ್ಕೆ ನೇತುಹಾಕಿ ಕಾಳು ಬೆರೆಸಿದ ಫೀಡ್ ಹಾಕಿ. ಆಮೇಲೆ ಹೇಂಟೆಗಳ ಅಳತೆ ಲೆಕ್ಕ ಹಾಕುವಾಗ ಅದನ್ನು ಬಿಟ್ಟು ಎಣಿಸಿ. ನನ್ನ ಲೆಕ್ಕ ಮೊದಲ ವರ್ಷ ಪೂರ್ತಿ ತಪ್ಪಿದ್ದು ಆ ಒಂದು ತಲೆಯಿಂದ.